ಋಣ ಹನ್ನೊಂದು

ಡಂಡಿಯಲ್ಲಿ ಈ ತಿಂಗಳು ಬೆಳಗ್ಗೆ ಹತ್ತಾದರೂ ದೀಪ ಆರಿಸುವಂತಿಲ್ಲ.
ಟೇ ನದಿಯ ಬಾಯಿಂದ ಎದ್ದ ಕಾವಳ
ಸೇತುವೆಯ ಅರ್ಧ ನುಂಗಿ
ಉಳಿದರ್ಧವನ್ನು ನಮ್ಮ ಕಿಟಕಿಗೆ ಆನಿಸಿಟ್ಟಿದೆ.
ರಾತ್ರಿಯಿಡೀ ಓಡಿದ ಲೆಕ್ಕ ಮುಗಿದಿದೆ.
ನಲವತ್ತು ಸಾವಿರ ಅಣುಗಳನ್ನು
ಒಂದೇ ಪ್ರೋಟೀನಿನ ಒಂದೇ ಗುಳಿಯೊಳಗೆ
ತುರುಕಿ, ತಿರುಗಿಸಿ, ಮಗುಚಿ ನೋಡಿ
ಒಂದೊಂದರ ಹೆಸರಿನ ಮುಂದೂ
ಯಂತ್ರ ಒಂದು ಅಂಕಿ ಬರೆದಿದೆ.

ಎಲ್ಲಕ್ಕಿಂತ ಮೇಲೆ, ಏಳು ಸಾವಿರದ ಹದಿನಾರನೆಯದು.
ಋಣ ಹನ್ನೊಂದು.

ದಾವಣಗೆರೆಯ ಮುನ್ಸಿಪಲ್ ಶಾಲೆಯಲ್ಲಿ
ಫಕ್ರುದ್ದೀನ್ ಮೇಷ್ಟ್ರು ಸೊನ್ನೆಯ ಎಡಕ್ಕೆ ಗೆರೆ ಎಳೆದು
‘ಇಲ್ಲಿಂದಾಚೆ ಎಲ್ಲ ಸಾಲ’ ಅಂದಿದ್ದರು.
ಇಲ್ಲಿ ಹಾಗಲ್ಲ, ಮೇಷ್ಟ್ರೇ.
ಸೊನ್ನೆಯಿಂದ ಕೆಳಗೆ ಇಳಿದಷ್ಟೂ ಹಿಡಿತ ಬಿಗಿ.
ಐಲ್ಸಾಗೆ ಹೇಳಿದರೆ ಬರೀ ಮೈನಸ್,
ಒಂದು ಅಡ್ಡಗೀಟು.
ಸಂಜೆ ಬಸ್ಸಿನಲ್ಲಿ, ಹಳೇ ಸೆಣಬಿನ ಗಿರಣಿ ದಾಟುವಾಗ
ನನ್ನಷ್ಟಕ್ಕೆ ನಾನೇ ಅಂದುಕೊಂಡರೆ ಮಾತ್ರ
ಅದು ಬಾಯಿಗೆ ಸರಿಯಾಗಿ ಕೂರುತ್ತದೆ:
ಋಣ ಹೆಚ್ಚಿದಷ್ಟೂ ಬಂಧ ಗಟ್ಟಿ.

ಐಲ್ಸಾ ಕಿನ್ನಿಯರ್ಡ್ ಮೂರು ವಾರ ತೆಗೆದುಕೊಂಡಳು.
ಕಾಗದದ ಮೇಲೆ ನಾಲ್ಕೇ ಹೆಜ್ಜೆ.
ಮೂರನೆಯದರಲ್ಲಿ ಎರಡು ಸಲ
ಫ್ಲಾಸ್ಕಿನ ತುಂಬ ಟಾರು.
ಕೊನೆಗೆ ಕೈಗೆ ಸಿಕ್ಕಿದ್ದು ಹನ್ನೆರಡು ಮಿಲಿಗ್ರಾಂ,
ಉಗುರ ಸಂದಿಯಲ್ಲಿ ಅಡಗಿಬಿಡುವಷ್ಟು ಬಿಳಿಪುಡಿ.

ಗುರುವಾರ ಅಳೆದಳು.
ನಂಬದೆ ಶುಕ್ರವಾರ ಮತ್ತೆ ಅಳೆದಳು.
ಆಮೇಲೆ ಗ್ರಾಫು ತಂದು ನನ್ನ ಮೇಜಿನ ಮೇಲಿಟ್ಟಳು:
ಏರಿಲ್ಲ, ಇಳಿವಿಲ್ಲ,
ಹಾಸಿ ಮರೆತ ಚಾಪೆಯಂಥ ಗೆರೆ.
ಅಂಟೂ ಇಲ್ಲ, ನಂಟೂ ಇಲ್ಲ.
‘ನಿನ್ನ ಯಂತ್ರಕ್ಕೆ ಹೇಳು,
ನನ್ನ ಮೂರು ವಾರ ವಾಪಸು ಕೊಡಲಿ.’
ದನಿಯಲ್ಲಿ ಕೋಪವಿರಲಿಲ್ಲ.
ಇದ್ದಿದ್ದರೆ ಉತ್ತರ ಕೊಡಬಹುದಿತ್ತು.

ಆ ರಾತ್ರಿ ಗುಳಿಯನ್ನು ತೆರೆಯ ಮೇಲೆ
ಹಲಸಿನ ತೊಳೆಯ ಹಾಗೆ ಬಿಡಿಸಿ ಬಿಡಿಸಿ ನೋಡಿದೆ.
ಎಲ್ಲ ಸರಿಯಿತ್ತು. ಸರಿಯಿಲ್ಲದ್ದು ಅಲ್ಲಿರಲಿಲ್ಲ.
ಹನ್ನೆರಡರ ಮೇಲೆ, ಹರಳಿನ ಮೂಲ ಚಿತ್ರ ತೆರೆದೆ.
ಗುಳಿಯ ತಳದಲ್ಲಿ ಒಂದು ಕೆಂಪು ಚುಕ್ಕೆ.
ನೀರು. ಒಂದೇ ಒಂದು ಕಣ.

ಲೆಕ್ಕ ಹಗುರಾಗಲೆಂದು ಮೊದಲ ದಿನವೇ
ಇದ್ದಬದ್ದ ನೀರನ್ನೆಲ್ಲ ಅಳಿಸಿದ್ದು ನಾನು.
ಒಂದು ಸಾಲಿನ ಆಜ್ಞೆ, ಅರೆಗಳಿಗೆ.
ಯಾರೂ ನೋಡಿರಲಿಲ್ಲ; ಎಲ್ಲರೂ ಹಾಗೇ ಮಾಡುತ್ತಾರೆ.
ಈ ಕಣವೋ ಮೂರು ಕೈ ಚಾಚಿ
ಗೋಡೆಗೆ ಗೋಡೆ ಹಿಡಿದು ಕೂತಿತ್ತು,
ಬಾಡಿಗೆಯವರಲ್ಲ, ಮನೆಯವರು.
ನಮ್ಮ ಅಣು ಹೋಗಿ ಬಾಗಿಲು ತಟ್ಟಿದೆ.
ಒಳಗೆ ಜನ ಇದ್ದಾರೆ.
ಖಾಲಿ ಮನೆ ಎಂದು ವಿಳಾಸ ಬರೆದುಕೊಟ್ಟವಳು ನಾನು.

ಏಳು ವರ್ಷವಾಯಿತು ಇಲ್ಲಿಗೆ ಬಂದು.
ಇನ್ನೂ ಎಷ್ಟು ದಿನ ಎಂದು ಕೇಳಿದವರಿಗೆಲ್ಲ
ಕೆಲಸದ ಕರಾರಿನ ಕೊನೆಯ ತಾರೀಖು ಹೇಳುತ್ತೇನೆ.
ಈ ಊರ ನೀರಿನ ಋಣ ಇರುವವರೆಗೆ
ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ,
ಹೇಳಿದರೆ ವೀಸಾ ಆಫೀಸು ಯಾವ ಫಾರ್ಮು ಕೊಟ್ಟೀತು?

ಮತ್ತೆ ಲೆಕ್ಕ ಹಾಕಿದೆ, ನೀರನ್ನು ಇದ್ದಲ್ಲೇ ಬಿಟ್ಟು,
ಅಣುವಿನ ಒಂದು ತುದಿ ಕತ್ತರಿಸಿ
ಆ ಕಣದ ಕೈ ಹಿಡಿಯುವ ಹಾಗೆ ತಿದ್ದಿ.
ಈ ಸಲ ಯಂತ್ರಕ್ಕೆ ಎರಡು ರಾತ್ರಿ ಹಿಡಿಯಿತು.
ಬಂದದ್ದು ಸಣ್ಣ ಅಂಕಿ, ಹೆಮ್ಮೆಪಡುವಂಥದ್ದಲ್ಲ:
ಋಣ ಎಂಟು, ಚಿಲ್ಲರೆ.

‘ಖಾತ್ರಿಯಾ?’ ಅಂದಳು ಐಲ್ಸಾ.
‘ಇಲ್ಲ. ಒಂದು, ಒಂದೂವರೆ ಆಚೀಚೆ ಆಗಬಹುದು.
ಪೂರ್ತಿ ತಪ್ಪೂ ಆಗಬಹುದು.’
ಅವಳು ಕಿಟಕಿಯತ್ತ ನೋಡಿದಳು.
ಸೇತುವೆಯ ಇನ್ನೆರಡು ಕಂಬ ಕಾವಳದಿಂದ ಈಚೆ ಬಂದಿದ್ದವು,
ಆಚೆಯ ದಡ ಇನ್ನೂ ಇಲ್ಲ.

ಕೈಗವಸು ಹಾಕಿಕೊಂಡು
ಖಾಲಿ ಫ್ಲಾಸ್ಕಿಗೆ ಚೀಟಿ ಅಂಟಿಸಿದಳು.
ಅಂಕಿ ಬರೆದಳು, ಪುಟ್ಟದಾಗಿ.
ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ,
ಅಂಕಿಗಿಂತ ದೊಡ್ಡದು.